ಮುಷ್ಟಿಯೊಳಗಿನ ಚಾವಿ

ಅಳೂ ಮಕ್ಕಳನ್ನ ಸುಮ್ಮನ ಮಾಡೂದ್ರಾಗ ನಾ ಭಾಳ ಶಾಣ್ಯಾಕಿ ಅಂತ ಖಾನಾಪುರದ ನಮ್ಮ ಬಾಲವಾಡಿಯೊಳಗ ಎಲ್ಲಾರೂ ಅಂತಿದ್ರು. ಸುಳ್ಳ ಯಾಕ ಹೇಳ್ಲಿ, ನಾನೂ ಹಂಗ ತಿಳ್ಕೊಂಡಿದ್ದೆ. ಆ ಹುಡುಗಿ ಬಂದ ಮ್ಯಾಲ ನನ್ನ ಶಾಣ್ಯಾತನ ಎಲ್ಲಾ ಮಣ್ಣುಪಾಲಾತು.

ಮೂರೂವರಿ ವರ್ಷದಾಕಿ. ಕಣಕುಂಬಿ ಕಡೆಯಿಂದ ತಾಯಿ ಮಗಳು ಇಬ್ಬರ ಬಂದು ಒಂದು ಖೋಲಿ ಹಿಡದಿದ್ರು. ಮನಿಯಾಗ ನೋಡ್ಕೊಳ್ಳಾಕ ಮತ್ತ್ಯಾರೂ ಇಲ್ಲ. ತಾಯಿಗಿ ಹಿಂದಿನ ಓಣಿಯ ಹಾಸ್ಟೆಲಿನಾಗ ಅಡಿಗಿ ಕೆಲಸ ಹೊಸದಾಗಿ ಸಿಕ್ಕಿತ್ತು. ನಾವು ಎಲ್ಲಾ ಮಕ್ಕಳಿಗೂ ಮಾಡೂವಂಗ ಆ ಕೂಸಿಗೂ ಮಾಡಿದ್ವಿ. ಎತ್ಕೊಂಡು ಕಿಡಕಿಗೆ ಹೋಗೂದು, "ಅಲ್ನೋಡು ಕಾಗಿ ಬಂತು!" ಅನ್ನೂದು, ಅಷ್ಟರಾಗ ತಾಯಿ ಹಿಂದಿನ ಬಾಗಲದಿಂದ ಪಾರಾಗೂದು. ಬಾಲವಾಡಿ ಶುರುವಾದಾಗಿಂದ ನಡದು ಬಂದ ಪದ್ಧತಿ ಅದು. ಈ ಹುಡುಗಿ ಮಾತ್ರ ಕಾಗಿ ನೋಡಿ ಹೊಳ್ಳಿ ನೋಡಿದ್ಲಂದ್ರ ಮುಗೀತು, "ಆಯಿ ಪಾಯಜೆ" ಅಂತ ಒಂದ ಸವನ ಚೀರೂದು. ಅವ್ವ ಬೇಕು ಅಂತ ಮರಾಠಿಯೊಳಗ. ಉಸಿರು ಹಿಡದು ಮಾರಿ ನೀಲಿ ಆಗೂತನಕ. ಆಮ್ಯಾಲ ನಮ್ಮ ಆಯಾ ಓಡಿ ಹೋಗಿ ತಾಯಿನ ಕರ್ಕೊಂಡ ಬರಬೇಕು. ಪಾಪ, ಹಿಟ್ಟಿನ ಕೈಲೆ ಹಂಗ ಬರ್ತಿದ್ಲು ಆಕಿ.

ಕಡೀಕ ಹಾಸ್ಟೆಲಿನವ್ರು, "ಶುಕ್ರವಾರ ತನಕಾ ನೋಡ್ತೀವಿ, ಆಮ್ಯಾಲ ಬ್ಯಾರೆಯವ್ರನ್ನ ತಗೋತೀವಿ" ಅಂದ್ರಂತ. ಗುರುವಾರ ಮಧ್ಯಾಹ್ನ ತಾಯಿ ಮಗಳನ್ನ ಬಗಲಾಗ ಎತ್ಕೊಂಡು ಅದನ್ನ ನನಗ ಹೇಳಿದ್ಲು. ಅಳಲಿಲ್ಲ, ಸಿಟ್ಟಾಗ್ಲಿಲ್ಲ. ಬೈದಿದ್ರರ ನನಗ ಹಗುರಾಗ್ತಿತ್ತು.

ಅದನ್ನ ತಲಿಯಾಗ ಇಟ್ಕೊಂಡು ಬೆಳಗಾವಿಯ ವಡಗಾವಿಯೊಳಗಿನ ಮನಿಗೆ ಬಂದ್ರ ನನ್ನ ತಂಗಿ ಸ್ಕೂಟಿ ಹೊರಗ ತಗದು ನಿಂತಿದ್ಲು. ಆವತ್ತ ನಮ್ಮೂರಾಗ ಒಂದು ಹೊಸ ಬ್ಯಾಂಡಿನ ಕಾರ್ಯಕ್ರಮ. ಏನ್ ಹವಾ ಅಂತೀರಿ ಅದರದು! ಬಸ್ಸಿನಾಗ, ಚಹಾದ ಅಂಗಡ್ಯಾಗ, ಎಲ್ಲಾರ ಫೋನಿನಾಗೂ ಅವರದ ಹಾಡು. "ಅಕ್ಕಾ, ಗೆಳತಿ ಬರೂದಿಲ್ಲಂತ, ನೀ ಬಾ. ಕೂಸುಗೋಳ ಅಳು ಕೇಳಿ ಕೇಳಿ ನಿನ್ನ ಕಿವಿ ತುಕ್ಕ ಹಿಡದಾವು" ಅಂದ್ಲು. ಮಗ್ಗದ ಸಪ್ಪಳದಾಗ ಹುಟ್ಟಿ ಬೆಳದಾಕಿ ನಾನು, ಬ್ಯಾಂಡಿಗೆ ಅಂಜತೀನೇನು ಅಂತ ಹೊಂಟೆ.

ಅಂಜಿದೆ. ಮೈದಾನ ತುಂಬ ಮಂದಿ, ಸ್ಪೀಕರಿನ ಹೊಡತಕ್ಕ ಎದಿ ಒಳಗಿಂದ ಅಲಗಾಡಾಕತ್ತು. "ಅಕ್ಕಾ, ಅಲ್ನೋಡು ಲೈಟು!" ಅಂದ್ಲು ತಂಗಿ. ನೋಡಿದೆ. ಹೊಳ್ಳಿ ನೋಡಿದ್ರ ಆಕಿ ಇಲ್ಲ! ಸ್ಟೇಜಿನ ಮುಂದ ಕುಣ್ಯಾಕ ಓಡಿ ಹೋಗಿದ್ಲು. ಫೋನ್ ಹಚ್ಚಿದ್ರ ಎತ್ತಲೊಲ್ಲಳು. ನಲವತ್ತು ದಾಟಿದ ಹೆಂಗಸು ನಾನು, ಗೊತ್ತಿದ್ದ ಊರಾಗ ನಿಂತು ಕಣ್ಣಾಗ ನೀರ ತಂದೆ. ಏನ್ ಹಾಡಿದ್ರೋ ಏನೋ, ಒಂದೂ ಕಿವಿಗೆ ಬೀಳಲಿಲ್ಲ.

ಎರಡು ಹಾಡಾದ ಮ್ಯಾಲ ಬಂದ್ಲು, ಬೆವತು ನಕ್ಕೋತ. "ಹೇಳಿ ಹೋಗಾಕ ಏನಾಗಿತ್ತ ನಿನಗ, ಭಾಡಕೋ?" ಅಂತ ಎಲ್ಲಾರ ಮುಂದ ಝಾಡಿಸಿದೆ. ಆಕಿ ಸ್ಕೂಟಿ ಚಾವಿ ತಗದು ನನ್ನ ಅಂಗೈಯಾಗ ಒತ್ತಿದ್ಲು. "ತಗೋ ಮಾರಾಯ್ತಿ, ಇದಿಲ್ಲದ ನನಗ ಎಲ್ಲಿ ಹೋಗಾಕ ಆಗತೈತಿ? ಇನ್ನೊಂದು ನಾಕ ಹಾಡು ಕುಣದು ಬರ್ತೀನಿ."

ನನಗ ಗಾಡಿ ಹೊಡ್ಯಾಕ ಬರೂದಿಲ್ಲ. ಆ ಚಾವಿ ನನಗ ಏನ್ ಉಪಯೋಗ? ಆದ್ರ ಅದನ್ನ ಹಿಡಕೊಂಡಿದ್ದ ತಡ, ಜೀವ ಜಾಗಾಕ್ಕ ಬಂತು. ಆಮ್ಯಾಲ ಹಾಡು ಕೇಳಸಾಕ ಹತ್ತಿದ್ವು. ಒಬ್ಬ ಹುಡುಗಿ ಬರೇ ಒಂದು ಸಣ್ಣ ದಿಮ್ಮಡಿ ಬಡಕೋತ ಒಂದು ಜೋಗುಳದಂಥಾದ್ದು ಹಾಡಿದ್ಲು, ಅಷ್ಟು ಮಂದಿ ಗಪ್ಪಂದ್ರು. ಆ ಬ್ಯಾಂಡಿನ ಹವಾ ಪೂರಾ ಖರೇ ಅಲ್ಲ, ಆದ್ರ ಸುಳ್ಳೂ ಅಲ್ಲ. ಆ ಹಾಡಿನ ನಡುವ ನನ್ನ ಮುಷ್ಟಿ ನೋಡ್ಕೊಂಡೆ, ಬಾಲವಾಡಿಯ ಹುಡುಗಿ ನೆನಪಾದ್ಲು. ಅಯ್ಯ ಶಿವನ, ತಂಗಿ ಲೈಟು ತೋರಿಸಿ ನನಗ ಮಾಡಿದ್ದನ್ನ ನಾವು ದಿನಾ ಆ ಕೂಸಿಗೆ ಕಾಗಿ ತೋರಿಸಿ ಮಾಡ್ತೀವಲ್ಲ!

ಮರುದಿನ ಶುಕ್ರವಾರ ಮುಂಜಾನೆ ಹುಡುಗಿಯ ತಾಯಿಗಿ ಹೇಳಿದೆ, "ಇವತ್ತ ಕದ್ದು ಹೋಗಬ್ಯಾಡ್ರಿ. ಮಾರಿ ನೋಡಿ ಹೇಳ್ರಿ. ಮನಿ ಚಾವಿ ಆಕಿ ಕೈಯಾಗ ಕೊಡ್ರಿ."

"ಇರೂದ ಒಂದ ಚಾವಿ ಟೀಚರ್, ಕಳದ್ರ ಹೆಂಗ್ರಿ?"

"ಒಂದ ಇರೂದ ಚಲೋ ಆತು."

ತಾಯಿ ಕುಕ್ಕರಗಾಲಲೆ ಕುಂತು ಮರಾಠಿಯೊಳಗ ಹೇಳಿದ್ಲು: ಇದು ನಿನ್ನ ಹತ್ರ ಇರ್ಲಿ, ಇದಿಲ್ಲದ ನನಗ ಮನಿ ತಗ್ಯಾಕ ಬರೂದಿಲ್ಲ, ಅಡಿಗಿ ಮುಗಿಸಿ ಇಲ್ಲಿಗೇ ಬರ್ತೀನಿ. ಆಮ್ಯಾಲ ಮುಂದಿನ ಬಾಗಲದಿಂದ, ಕಾಣೂವಂಗ ಹೋದ್ಲು. ಹುಡುಗಿ ಅತ್ತಳು. ಅಳಕೋತ ಮುಷ್ಟಿ ಬಿಚ್ಚಿ ನೋಡಿದ್ಲು, ಮತ್ತ ಮುಚ್ಚಿದ್ಲು, ಮತ್ತ ಬಿಚ್ಚಿದ್ಲು. ಬಿಕ್ಕು ಸಣ್ಣಾಗಿ ನಿಂತಿತು. ಓಡಾಕ ತಯಾರಾಗಿ ಚಪ್ಪಲಿ ಮೆಟ್ಟಿಕೊಂಡು ಬಾಗಲಾಗ ನಿಂತಿದ್ದ ಆಯಾ ಒಂದು ತಾಸು ಹಂಗ ನಿಂತ್ಲು. ಆಮ್ಯಾಲ ನನ್ನ ಮಾರಿ ನೋಡಿ ಚಪ್ಪಲಿ ಬಿಚ್ಚಿದ್ಲು. ಹುಶ್ಶಪ್ಪಾ ಅಂತ ನಾ ಅಲ್ಲೇ ಚಾಪಿ ಮ್ಯಾಲ ಕುಂತೆ.

ಮಧ್ಯಾಹ್ನ ತಾಯಿ ಏದುಸಿರು ಬಿಟ್ಟುಕೋತ ಓಡಿ ಬಂದ್ಲು. "ಅಡಿಗಿ ಪೂರಾ ಮುಗಿಸಿದೆ, ಯಾರೂ ಕರ್ಯಾಕ ಬರ್ಲಿಲ್ಲ, ಏನಾತೋ ಅಂತ ಅಂಜಿದೆ ಟೀಚರ್."

"ಏನೂ ಆಗಿಲ್ರಿ. ಊಟಾ ಮಾಡಿ ಆಡಾಕತ್ತಾಳ, ನೋಡ್ರಿ."

ಅಷ್ಟು ದಿನ ಒಮ್ಮೆನೂ ಅಳಲಾರದ ಹೆಂಗಸು ಆವಾಗ ಹೊಸ್ತಿಲ ಮ್ಯಾಲ ಕುಂತು ಬಿಕ್ಕಿ ಬಿಕ್ಕಿ ಅತ್ತಳು. ಹುಡುಗಿ ಆಟಿಗಿ ಬಿಟ್ಟು ಎದ್ದು ಬಂದು ಆಕಿ ಮಾರಿ ನೋಡಿದ್ಲು. ಆಮ್ಯಾಲ ತನ್ನ ಮುಷ್ಟಿಯಾಗಿನ ಚಾವಿ ಅವ್ವನ ಕೈಯಾಗಿಟ್ಟು, ಒಂದೊಂದ ಬೆರಳು ಮಡಚಿ ಮುಚ್ಚಿ, ಆಕಿ ಸುಮ್ಮನಾಗೂತನಕ ಬಾಜುಕ ನಿಂತ್ಲು.