ಬೂಷ್ಟಿನ ಕೋಣೆಯ ಕೀಲಿ

ಜೋಳದ ಹೊಲದಲ್ಲಿ ಸಸಿ ತೆಳುಮಾಡುವುದರಲ್ಲಿ ಮನೋಳಿಯ ಸುಂದರವ್ವನದು ಪಳಗಿದ ಕೈ. ಒತ್ತಾಗಿ ಹುಟ್ಟಿದ್ದನ್ನು ಕಿತ್ತೊಗೆದರೆ ಉಳಿದದ್ದು ದಪ್ಪ ತೆನೆ ಬಿಡುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೈಲಹೊಂಗಲದ ಹತ್ತಿ ಗಿರಣಿಯಲ್ಲಿ ಎರಡು ವರ್ಷ ಧೂಳು ಕುಡಿದು ಕೆಮ್ಮಿದ ಮೇಲೆ, ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಸಾವಕಾರ ಶಂಕ್ರೆಪ್ಪನ ಶೆಡ್ಡಿಗೆ ಕೆಲಸಕ್ಕೆ ಸೇರಿದಳು.

ಅಲ್ಲಿ ಪೀಪಾಯಿಗಳಲ್ಲಿ ತೌಡಿನ ನೀರಿಗೆ ಬೂಷ್ಟಿನ ಹಸಿರು ಪುಡಿ ಬಿತ್ತಿ, ಮೂರು ದಿನ ಗಾಳಿ ಊದುತ್ತ ತಿರುವಿ ರಸ ತೆಗೆಯುತ್ತಿದ್ದರು. ನೇಯುವ ಮುಂಚೆ ನೂಲಿಗೆ ಬಳಿದ ಗಂಜಿಯನ್ನು ತಿಂದುಹಾಕಿ ಬಟ್ಟೆಯನ್ನು ಮೆತ್ತಗೆ ಮಾಡುವ ರಸ. ರಾಮದುರ್ಗದ ಬಣ್ಣಗಾರ ಮೆಹಬೂಬಸಾಬ ಅದರ ಗಿರಾಕಿ. ಪುಡಿಯ ಕೋಣೆಯ ಕೀಲಿ ಸುಂದರವ್ವನ ಸೊಂಟಕ್ಕೆ ಬಂತು. ನಾಲ್ಕು ಚಮಚ ಹಾಕೆಂದರೆ ಅವಳು ಜೋಳದ ಹೊಲದ ಲೆಕ್ಕ ಹಿಡಿದು ಒಂದೇ ಹಾಕಿದಳು. ಬೂಷ್ಟು ಬೆಳೆದು ಬಾರಿಹಣ್ಣಿನಂಥ ದಪ್ಪ ಉಂಡೆಗಳು ತೇಲಿದವು.

"ಏನ್ ಬೆಳಿ ತಗದೀಯವಾ!" ಎಂದ ಶಂಕ್ರೆಪ್ಪ.

ವಾರದೊಳಗೆ ಮೆಹಬೂಬಸಾಬ ಬಟ್ಟೆಯ ತುಂಡು ಹಿಡಿದು ಬಂದ. "ಸಾವಕಾರ್ರ, ಇದೇನ್ ರಸಾನೋ, ತೌಡು ತೊಳದ ನೀರೋ? ಬಟ್ಟಿ ಕಟಕ್ ರೊಟ್ಟಿಗತೆ ಸೆಟದು ನಿಂತೈತಿ."

ಶಂಕ್ರೆಪ್ಪ ಸುಂದರವ್ವನ ಕಡೆ ತಿರುಗಿದ. "ಮುಂದಿನ ಪೀಪಾಯಿನೂ ಹಿಂಗಾದ್ರ ಕೀಲಿ ಇಟ್ಟು ಗಿರಣಿಗಿ ನಡಿ."

ಅವಳಿಗೆ ಕುಂತಲ್ಲಿ ಕೂರಲಾಗಲಿಲ್ಲ. ರೊಟ್ಟಿಯನ್ನೂ ನಿಂತೇ ತಿಂದಳು. ಕೊನೆಗೆ ಒಂದು ಉಂಡೆ ಎತ್ತಿ ಉಗುರಿನಿಂದ ಸೀಳಿದಳು. ಮೇಲೆ ಬಿಳಿ ನವಿರು, ಒಳಗೆ ಟೊಳ್ಳು, ಹಳಸಿದ ಅಂಬಲಿಯ ವಾಸನೆ. ಒಳಗಿನದೆಲ್ಲ ಗಾಳಿಯಿಲ್ಲದೆ ಸತ್ತಿತ್ತು.

"ನಂದ ತಪ್ಪು," ಎಂದುಕೊಂಡಳು. "ಇಲ್ಲಿ ಬೇಕಾದ್ದು ತೆನಿ ಅಲ್ಲ, ಈ ಬೂಷ್ಟಿನ ಬೆವರು. ಒತ್ತಾಗಿ ಬಿತ್ತಿದ್ರ ಉಂಡಿ ಸಣ್ಣಾಗಿ ಒಳಗೂ ಗಾಳಿ ಆಡ್ತೈತಿ."

ಈ ಸಲ ಎಂಟು ಚಮಚ ಸುರಿದಳು. ಮೂರನೆಯ ದಿನ ಪೀಪಾಯಿಯಲ್ಲಿ ಉಂಡೆಯೇ ಇಲ್ಲ. ಸಾಬೂದಾಣಿಗಿಂತ ಸಣ್ಣ ಕಾಳು ತುಂಬಿದ ಪಾಯಸದಂಥ ನೀರು.

ಶಂಕ್ರೆಪ್ಪ ಕೈ ಚಾಚಿದ. "ಹಾಳಗೆಡವಿದಿ. ಕೊಡು ಕೀಲಿ."

"ಸಾಬ್ರು ನೋಡೂತನಾ ಕೊಡೂದಿಲ್ರಿ."

ಮೆಹಬೂಬಸಾಬ ಬಂದು ರಸವನ್ನು ಬೆಚ್ಚಗಿನ ನೀರಿಗೆ ಬೆರೆಸಿ ಗಂಜಿಯಿಂದ ಸೆಟೆದ ಬಟ್ಟೆಯ ತುಂಡನ್ನು ಅದ್ದಿದ. ಕಾಯುವಷ್ಟು ಹೊತ್ತೂ ಸುಂದರವ್ವ ಬಾಗಿಲಿಂದ ಪೀಪಾಯಿಗೆ, ಪೀಪಾಯಿಯಿಂದ ಬಾಗಿಲಿಗೆ ನಡೆದಳು.

"ಏ ತಂಗಿ, ನಿನ್ನ ಕಾಲಿಗೆ ಚಕ್ರ ಕಟ್ಯಾರೇನ?" ಎನ್ನುತ್ತ ಅವನು ತುಂಡನ್ನು ಎತ್ತಿದ. ಅದು ಬೆರಳ ಮೇಲೆ ಹಳೆಯ ಧೋತರದಂತೆ ಜೋತುಬಿತ್ತು. "ಹಾಂ! ಇದು ರಸ!"

ಶಂಕ್ರೆಪ್ಪ ಚಾಚಿದ್ದ ಕೈಯಿಂದ ಕುತ್ತಿಗೆ ತುರಿಸಿಕೊಂಡ. "ಪುಡಿ ಭಾಳ ಹೋಗ್ತೈತಿ. ಆರು ಚಮಚ ಸಾಲಂಗಿಲ್ಲೇನು?"

"ಎಂಟ್ರಿ," ಎಂದಳು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ ಆಗಲೇ ಮುಂದಿನ ಪೀಪಾಯಿಗೆ ಕೈ ಇಳಿಬಿಟ್ಟಿದ್ದಳು, ಒಳಗೇನಾಗುತ್ತಿದೆಯೋ ಎಂದು ನೋಡಲು.