ಬೇಡವೆಂದರೂ ಬರುವ ಮೇಲ್

ದೋಹಾದ ಮುಶೈರಿಬ್‌ನಲ್ಲಿರುವ ನಮ್ಮ ಆಫೀಸು ಏಸಿ, ಫ್ರಿಜ್ಜು, ಕೋಲ್ಡ್ ರೂಮುಗಳ ಬಿಡಿಭಾಗಗಳನ್ನು ಮಾರುತ್ತದೆ. ಗಿರಾಕಿಗಳ ಮೇಲ್‌ಗಳನ್ನು ಓದಿ, ಯಾರಿಗೆ ಏನು ಬೇಕೆಂದು ಸ್ಟೋರಿನವರಿಗೆ ತಿಳಿಸುವುದು ನನ್ನ ಕೆಲಸ. ಮೈಸೂರಿನಿಂದ ಬಂದು ಈ ಕುರ್ಚಿಯಲ್ಲಿ ಕೂತ ಹೊಸದರಲ್ಲಿ, ಬೆಳಗಿನ ಚಹಾ ಆರುವ ಮೊದಲೇ ಎಲ್ಲ ಓದಿ ಮುಗಿಯುತ್ತಿತ್ತು. ಬರಬರುತ್ತಾ ಮೇಲ್ ತೆರೆಯುವುದೆಂದರೆ ಯಾರೋ ಬಾಗಿಲ ಮುಂದೆ ಸುರಿದುಹೋದ ಕಸ ಬಳಿಯುವ ಹಾಗಾಯಿತು. ಹೊಟ್ಟೆ ಕರಗಿಸುವ ಪುಡಿ, ಬೋಳು ತಲೆಗೆ ಕೂದಲು, ಹೆಸರೇ ಕೇಳದ ದೇಶದಲ್ಲಿ ಫ್ಲ್ಯಾಟು, ನಾನು ಗೆದ್ದೇ ಇರದ ಪ್ರಶಸ್ತಿಗೆ ಅಭಿನಂದನೆ. ಕೆಲವರು 'ಮೊನ್ನೆ ನಾವು ಮಾತಾಡಿದಂತೆ' ಎಂದೇ ಶುರು ಮಾಡುತ್ತಿದ್ದರು. ನನಗೆ ಎಲ್ಲಕ್ಕಿಂತ ಅಸಹ್ಯವಾಗುತ್ತಿದ್ದದ್ದು ಅದು. ಪುಡಿ ಮಾರುವವನು ಪುಡಿ ಮಾರುತ್ತೇನೆಂದಾದರೂ ಹೇಳುತ್ತಾನೆ. ಇವರು ಪರಿಚಯದವರ ಸೋಗು ಹಾಕಿಕೊಂಡು ಒಳಗೆ ನುಗ್ಗುತ್ತಾರೆ.

ಅಂಥ ಮೇಲ್‌ಗಳ ಅಡಿಯಲ್ಲಿ, ಕಂಡೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಇನ್ನು ಬೇಡವೆಂದರೆ ಇಲ್ಲಿ ಒತ್ತಿ ಎಂದಿರುತ್ತದೆ. ನಾನು ಶ್ರದ್ಧೆಯಿಂದ ಒತ್ತಿದೆ. ಊಟದ ಬಿಡುವಿನಲ್ಲೂ ಅದೇ ಕೆಲಸ. ಕೆಲವು ನಿಂತವು. ಅವುಗಳ ಜಾಗಕ್ಕೆ ಇನ್ನೂ ಹೊಲಸಾದವು, ಬಟ್ಟೆಯಿಲ್ಲದ ಹೆಂಗಸರ ಚಿತ್ರ ಅಂಟಿಸಿಕೊಂಡವು ಬಂದವು. ಬೆನ್ನ ಹಿಂದೆ ಯಾರಾದರೂ ಹಾದುಹೋದರೆ, ಕದ್ದು ನೋಡುತ್ತಿದ್ದವಳ ಹಾಗೆ ತಟ್ಟನೆ ಸ್ಕ್ರೀನು ಮುಚ್ಚಬೇಕಾಗುತ್ತಿತ್ತು.

ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಪುತ್ತೂರು ಕಡೆಯವರು, ಮನೆಯಲ್ಲಿ ಬ್ಯಾರಿ ಮಾತಾಡುವವರು. ಅವರನ್ನು ಕರೆದು ತೋರಿಸಿದೆ.

"ನೀವು ಎಂತಕ್ಕೆ ಒತ್ತಲಿಕ್ಕೆ ಹೋದದ್ದು ಮೇಡಂ?"

"ಬೇಡ ಅಂತ ಹೇಳೋಕೆ."

"ಒಳ್ಳೆ ಕಂಪೆನಿಯವರಾದ್ರೆ ನಿಲ್ಲಿಸ್ತಾರೆ. ಈ ಕಳ್ಳರಿಗೆ ಗೊತ್ತಾಗುವುದು ಒಂದೇ, ಇಲ್ಲಿ ಓದುವವರು ಇದ್ದಾರೆ ಅಂತ. ಮತ್ತೆ ನಿಮ್ಮ ಅಡ್ರೆಸ್ಸು ಇನ್ನೊಬ್ಬನಿಗೆ ಮಾರ್ತಾರೆ."

"ಹಾಗಾದ್ರೆ ಇದಕ್ಕೆ ಮದ್ದೇ ಇಲ್ವಾ?"

"ಫಿಲ್ಟರ್ ಬಿಗಿ ಮಾಡ್ಬಹುದು. ಆದ್ರೆ ಒಳ್ಳೆಯದು ಸಹ ಕೆಲವೊಮ್ಮೆ ಜಂಕಿಗೆ ಹೋಗ್ತದೆ. ನೋಡ್ತಾ ಇರ್ಬೇಕು."

"ಮಾಡಿಬಿಡಿ. ಖಲಾಸ್ ಆಗ್ಲಿ."

ಮಾರನೆಯ ಬೆಳಿಗ್ಗೆ ಮೇಲ್ ತೆರೆದರೆ ಕಣ್ಣಿಗೆ ತಂಪು. ಕೇಳಿದವರ ಪ್ರಶ್ನೆ, ಕೊಂಡವರ ದೂರು, ಅಷ್ಟೇ. ಸಂಜೆ ಹೊರಡುವ ಮೊದಲು, ಮೂಗು ಮುಚ್ಚಿಕೊಂಡು ಚರಂಡಿ ದಾಟುವವಳಂತೆ ಜಂಕಿನ ಮೇಲೆ ಕಣ್ಣಾಡಿಸುತ್ತಿದ್ದೆ.

ಜುಲೈನ ಉರಿ ಬಿಸಿಲಲ್ಲಿ ಒಬ್ಬ ಮಲಯಾಳಿ ಆಫೀಸಿಗೆ ಬಂದರು. ಅಲ್ ಶಮಾಲ್‌ನಲ್ಲಿ ಮೀನಿನ ಅಂಗಡಿ ಇಟ್ಟವರು. ಅವರ ಕೋಲ್ಡ್ ರೂಮಿನ ಫ್ಯಾನ್ ಮೋಟರು ಸುಟ್ಟುಹೋಗಿತ್ತು. ಫೋನು ಮಾಡಿದಾಗ ನಮ್ಮ ರಿಸೆಪ್ಶನ್ನಿನವರು, ನಿಯಮದಂತೆ, ಮೋಟರಿನ ಫೋಟೋ ತೆಗೆದು ಮೇಲ್ ಮಾಡಿ ಎಂದಿದ್ದರಂತೆ. ಅವರು ಮಾಡಿದ್ದರು. ಉತ್ತರ ಬರುತ್ತದೆಂದು ಕಾದಿದ್ದರು.

"ಎರಡು ಸಲ ಕಳಿಸಿದೆ ಚೇಚಿ," ಎಂದರು ಹಿಂದಿಯಲ್ಲಿ, 'ಅಕ್ಕಾ' ಎಂಬುದನ್ನು ಮಾತ್ರ ಮಲಯಾಳದಲ್ಲಿ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಅಂಗಿಗೆ ಕೊಳೆತ ಮೀನಿನ ವಾಸನೆ ಅಂಟಿತ್ತು. ಅದು ತನಗೂ ಗೊತ್ತೆಂಬಂತೆ ಅವರು ಕೌಂಟರಿನಿಂದ ಮಾರು ದೂರ ನಿಂತೇ ಮಾತಾಡಿದರು.

ಜಂಕಿನಲ್ಲಿ ಹುಡುಕಿದೆ. ಎರಡೂ ಇದ್ದವು. 'ಅರ್ಜೆಂಟ್ ಅರ್ಜೆಂಟ್ ಪ್ಲೀಸ್ ಹೆಲ್ಪ್' ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಮೇಲೊಂದು ಕೆಳಗೊಂದು ಸಾಲದ ಆಮಿಷದವು, ಅವೂ ಅದೇ ದಪ್ಪಕ್ಷರದಲ್ಲಿ ಅರ್ಜೆಂಟ್ ಎಂದು ಕೂಗುತ್ತಿದ್ದವು. ಕಷ್ಟದಲ್ಲಿದ್ದವನು ಕೂಗಿಕೊಳ್ಳುವ ಮಾತನ್ನೂ ಈ ಜನ ಎಂಜಲು ಮಾಡಿ ಬಿಟ್ಟಿದ್ದಾರೆ. ನನ್ನ ಕಣ್ಣು ಆ ಸಾಲಿನ ಮೇಲೆ ಹಾದುಹೋಗಿಯೂ ನಿಂತಿರಲಿಲ್ಲ.

ಬೇಕಾದ ಮೋಟರು ನಮ್ಮ ಸ್ಟೋರಿನಲ್ಲೇ ಇತ್ತು. ಅವರು ಅದನ್ನು ಮಗುವಿನ ಹಾಗೆ ಎದೆಗೆ ಒತ್ತಿ ಹಿಡಿದುಕೊಂಡು ಹೋದರು. ಅವತ್ತೇ ಫಿಲ್ಟರ್ ಸಡಿಲ ಮಾಡಿಸಿದೆ. ಕಸ ಮತ್ತೆ ಬಂತು.

ಇಷ್ಟಾದ ಮೇಲೆ ಒಂದು ದಿನ ನಮ್ಮ ಮ್ಯಾನೇಜರು ಕರೆದರು. ಅವರು ಬೆಂಗಳೂರಿನವರು, ಕೆಟ್ಟ ಮನುಷ್ಯರಲ್ಲ. ಆ ಮೀನಿನ ಅಂಗಡಿಯವರಿಗೆ ತಾವೇ ಫೋನು ಮಾಡಿ ಕ್ಷಮೆ ಕೇಳಿದ್ದರು.

"ಒಂದು ಏಜೆನ್ಸಿ ಇದೆ ಮೇಡಂ. ಇಲ್ಲಿನ ಅಂಗಡಿಯವರದ್ದೆಲ್ಲ ಮೇಲ್ ಅಡ್ರೆಸ್ ಅವರ ಹತ್ರ ಇದೆ. ನಮ್ಮ ಆಫರ್ ಎಲ್ಲರಿಗೂ ಒಟ್ಟಿಗೆ ಕಳಿಸಿಕೊಡ್ತಾರೆ. ನೀವು ಒಂದು ಒಳ್ಳೇ ಡ್ರಾಫ್ಟ್ ಬರೆದುಕೊಡಿ."

"ಆ ಅಡ್ರೆಸ್ ಅವರಿಗೆ ಯಾರು ಕೊಟ್ರು ಸರ್?"

"ಅದು ನಮಗ್ಯಾಕೆ? ಎಲ್ಲರೂ ಕಳಿಸ್ತಾರೆ. ನಾವು ಸುಮ್ಮನಿದ್ರೆ ನಮ್ಮನ್ನ ಯಾರು ನೆನಪಿಟ್ಕೋತಾರೆ?"

ಬೆಳಿಗ್ಗೆ ನಾನು ಅಳಿಸುವುದನ್ನೇ ಮಧ್ಯಾಹ್ನ ಬರೆದು ಕಳಿಸಬೇಕು. ಹಾಗೆಂದು ಹೇಳಿಯೂ ಹೇಳಿದೆ. ಅವರು ನಕ್ಕರು, ಒಂದು ಸಲ ನೋಡೋಣ ಎಂದರು. ಬರೆದುಕೊಟ್ಟೆ.

ಉತ್ತರಗಳು ನನ್ನ ಬಳಿಗೇ ಬರತೊಡಗಿದವು. ಬೈಗುಳಗಳೇ ಹೆಚ್ಚು, ಅವು ನನಗೆ ಸರಿಯೆನಿಸಿದವು. ಆದರೆ ಅಲ್ ರಯ್ಯಾನ್‌ನಲ್ಲಿ ಹೊಲಿಗೆ ಅಂಗಡಿ ಇಟ್ಟ ಹೆಂಗಸೊಬ್ಬರು ಬೈದಿರಲಿಲ್ಲ. ಗಂಡ ಆಸ್ಪತ್ರೆಯಲ್ಲಿದ್ದಾರೆ, ಫೋನು ಸದ್ದು ಮಾಡಿದಾಗಲೆಲ್ಲ ಅಲ್ಲಿಂದ ಬಂದ ಸುದ್ದಿಯೇನೋ ಎಂದು ಎದೆ ಹಾರುತ್ತದೆ, ನೀವು ಯಾರು, ನನ್ನ ವಿಳಾಸ ನಿಮಗೆ ಹೇಗೆ ಸಿಕ್ಕಿತು ಎಂದು ಕೇಳಿದ್ದರು. ಕೆಳಗೆ ಅಂಗಡಿಯ ಫೋನ್ ನಂಬರಿತ್ತು.

ಇದಕ್ಕೆ ಮೇಲ್ ಕಳಿಸಿದರೆ ಅದೂ ಇನ್ನೊಂದು ಸದ್ದು. ಬಾಯಿಬಿಟ್ಟು ಕ್ಷಮೆ ಕೇಳೋಣವೆಂದು ಆ ನಂಬರಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

"ಡಾಕ್ಟರ್ ಸಾಬ್?"

ಡಾಕ್ಟರಲ್ಲ ಎಂದೆ. ಕಂಪೆನಿಯ ಹೆಸರು ಹೇಳಿದೆ, ಮೇಲ್ ಕಳಿಸಿದ್ದಕ್ಕೆ ಕ್ಷಮಿಸಿ ಎಂದೆ.

"ಈಗ ಫೋನೂ ಶುರು ಮಾಡಿದಿರಾ?" ಎಂದು ಅವರು ಹಿಂದಿಯಲ್ಲಿ ಮೆಲ್ಲಗೆ ಕೇಳಿ ಇಟ್ಟುಬಿಟ್ಟರು.

ಬಾತ್‌ರೂಮಿಗೆ ಹೋಗಿ ಮುಖ ತೊಳೆದೆ. ನೇರವಾಗಿ ಮ್ಯಾನೇಜರರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಇನ್ನು ಮೇಲೆ ಅಂಥ ಮೇಲ್ ನಾನು ಬರೆಯುವುದಿಲ್ಲ, ಆ ಹೆಂಗಸಿನ ವಿಳಾಸ ತೆಗೆಸಿ ಎಂದೆ. ಅವರು ಆಗಲಿ ಎಂದರು. ಬರೆಯುವ ಕೆಲಸ ಸೇಲ್ಸಿನವರಿಗೆ ಹೋಯಿತು.

ಮೇಲ್ ಹೋಗುವುದು ನಿಂತಿಲ್ಲ. ಆ ಹೆಂಗಸಿನ ವಿಳಾಸ ತೆಗೆದಿದ್ದೀರಾ ಎಂದು ಏಜೆನ್ಸಿಯವರನ್ನು ವಿಚಾರಿಸಿದೆ. ತೆಗೆದಿದ್ದೇವೆ, ಆದರೆ ಆ ಲಿಸ್ಟು ಬೇರೆಯವರ ಹತ್ತಿರವೂ ಇದೆ, ಅದಕ್ಕೆ ನಮ್ಮಿಂದೇನು ಮಾಡಲಾಗುತ್ತದೆ ಎಂದರು.