ಫಹಾಹೀಲಿನ ಕಡಲಿಗಿಳಿದ ಕಾಕು

ಮೇಲಿನ ಮನೆಯ ಕಾಕು ಲಿಫ್ಟಿನೊಳಗೆ ಕಾಲಿಟ್ಟರೆ ನೆಲ ಒದ್ದೆಯಾಗುತ್ತಿತ್ತು. ಮಡಚಿದ ತೋಳಿನ ಕೆಳಗೆ ಉಪ್ಪು ಒಣಗಿ, ಕಪ್ಪು ಮೈಮೇಲೆ ತೆಳ್ಳಗೆ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ಹಸಿರು ಗಾಜಿನ ಬಳೆಗಳಿಗೆ ಮರಳು ಮೆತ್ತಿರುತ್ತಿತ್ತು. ಗಂಡನ ಕಂಪನಿಯ ಹಳೆಯ ಟೀಶರ್ಟು, ಚೂಡಿದಾರದ ಪ್ಯಾಂಟು, ಹೆಗಲ ಮೇಲೊಂದು ಟವೆಲ್ಲು. ನೆರೆತ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡುತ್ತ ನಿಲ್ಲುವರು. ಬೆಳಗಿನ ಡ್ಯೂಟಿಗೆ ಹೊರಟವರು ಇಸ್ತ್ರಿ ಮಾಡಿದ ಅಂಗಿಗೆ ನೀರು ಸಿಡಿದೀತೆಂದು ಗೋಡೆಗೆ ಒತ್ತಿಕೊಳ್ಳುತ್ತಿದ್ದರು.

"ಸಮುದ್ರದ ನೀರ್ರೀ, ಗಟಾರದ್ದಲ್ಲ" ಎಂದು ಕಾಕು ನಗುತ್ತಿದ್ದರು.

ಅವರು ಗದಗದ ಕಡೆಯವರು. ಅವರ ಗಂಡ, ನಮ್ಮೆಲ್ಲರ ಕಾಕಾ, ಶುಐಬಾದ ಕಾರ್ಖಾನೆಯೊಂದರಲ್ಲಿ ಟೆಕ್ನಿಷಿಯನ್. ನಾನು ತುಮಕೂರಿನವಳು, ನಮ್ಮ ಕಡೆ ಚಿಕ್ಕಮ್ಮನನ್ನು ಯಾರೂ ಕಾಕು ಅನ್ನುವುದಿಲ್ಲ. ಆದರೆ ಅರಬ್ ನಾಡಿನ ಕಡಲೂರು ಫಹಾಹೀಲಿನ ಆ ಕಟ್ಟಡದಲ್ಲಿ ಕನ್ನಡ ಬಲ್ಲವರೆಲ್ಲ ಹಾಗೇ ಕರೆಯುತ್ತಿದ್ದರು, ನನ್ನ ಬಾಯಿಗೂ ಅದೇ ಬಂತು.

ಈಜು ಕಲಿತದ್ದು ಐವತ್ತು ದಾಟಿದ ಮೇಲೆ, ಎದುರು ಮನೆಯ ಫಿಲಿಪ್ಪೀನೋ ನರ್ಸ್ ಒಬ್ಬಳಿಂದ. ಅವಳಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕೈಕಾಲಿನ ಸನ್ನೆಯಲ್ಲೇ ಪಾಠ ಮುಗಿದಿತ್ತು. "ನಮ್ಮೂರಾಗ ಬಾವಿ ಇತ್ತು ತಂಗಿ. ನಮ್ಮಣ್ಣದೇರು ಮ್ಯಾಲಿಂದ ಜಿಗೀತಿದ್ರು. ನಾ ಅವರ ಅಂಗಿ ಹಿಡ್ಕೊಂಡು ದಂಡಿಗೆ ನಿಂದರ್ತಿದ್ದೆ. ಎಷ್ಟ ವರ್ಷ ನಿಂದರೂದು?" ಎಂದು ನನಗೊಮ್ಮೆ ಹೇಳಿದ್ದರು.

ಅಲ್ಲಿದ್ದ ಕನ್ನಡದವರಿಗೆ ಇದು ಸರಿಬರಲಿಲ್ಲ. ಒಂದು ಸಂಕ್ರಾಂತಿ ಊಟದಲ್ಲಿ, ಎಳ್ಳುಬೆಲ್ಲ ಹಂಚುತ್ತಿದ್ದ ಹಿರಿಯರೊಬ್ಬರು ಕಾಕುವನ್ನು ಪಕ್ಕಕ್ಕೆ ಕರೆದು, "ಹೊರದೇಶದಲ್ಲಿದ್ದೀವಿ, ಈ ವಯಸ್ಸಿನಲ್ಲಿ ಒದ್ದೆ ಬಟ್ಟೆಯಲ್ಲಿ ಓಡಾಡಿದರೆ ಕನ್ನಡಿಗರ ಮರ್ಯಾದೆ ಏನಾಗಬೇಕಮ್ಮ?" ಎಂದರು. ಕಾಕು ಇಡೀ ಹಾಲ್‌ಗೆ ಕೇಳುವಂತೆ ಉತ್ತರ ಕೊಟ್ಟರು: "ಇಷ್ಟ ಮಂದಿ ಕನ್ನಡಿಗರ ಮರ್ಯಾದಿ ನನ್ನ ಒಬ್ಬಾಕಿ ಟೀಶರ್ಟಿನಾಗ ಐತೇನ್ರಿ? ಹಂಗಿದ್ರ ಜ್ವಾಕಿಲೆ ಒಗೀತೀನಿ ಬಿಡ್ರಿ."

ಆ ವರ್ಷವೇ ನನ್ನ ಬಸಿರು ಎರಡನೇ ಸಲವೂ ನಿಲ್ಲಲಿಲ್ಲ. ಲ್ಯಾಬಿನ ಕೆಲಸಕ್ಕೆ ರಜೆ ಹಾಕಿ, ಪರದೆ ಎಳೆದು, ಎ.ಸಿ. ಸದ್ದು ಕೇಳುತ್ತ ಮಲಗಿರುತ್ತಿದ್ದೆ. ನೋಡಲು ಬಂದವರು ಹಣ್ಣು ತಂದರು, ಹರಕೆಯ ಹೆಸರು ಹೇಳಿದರು, ಯಾವ ತಪ್ಪಿಗೆ ಹೀಗಾಯಿತೋ ಎಂದು ಲೊಚಗುಟ್ಟಿದರು. ಕಾಕು ಬರಿಗೈಯಲ್ಲಿ ಬಂದರು. ಪರದೆ ಸರಿಸಿ, ಕಪಾಟು ತೆಗೆದು ನನ್ನದೊಂದು ಹಳೇ ಚೂಡಿದಾರ ಎಳೆದು ಮಂಚದ ಮೇಲೆ ಹಾಕಿದರು.

"ಡಾಕ್ಟರು ನೀರಿಗಿಳೀಬ್ಯಾಡ ಅಂದಾರೇನು?"

"ಇಲ್ಲ. ಎಲ್ಲ ಸರಿಹೋಗಿದೆ ಅಂದರು."

"ಮತ್ತ ಏಳು."

ಹೀಗೆ ನಾನು ಅವರ ಕಾರಿನ ಹಿಂದಿನ ಸೀಟಿಗೆ ಬಂದೆ. ಕಾಕಾಗೆ ಈ ಈಜು ಸುತರಾಂ ಇಷ್ಟವಿರಲಿಲ್ಲ. ಕಾಕುಗೆ ಡ್ರೈವಿಂಗ್ ಬಾರದ್ದರಿಂದ ತಮ್ಮ ರಜೆಯ ದಿನಗಳಾದ ಶುಕ್ರವಾರ, ಶನಿವಾರ ಬೆಳಗ್ಗೆ ಅವರೇ ಕರೆತರುತ್ತಿದ್ದರು. ಆದರೆ ಕಾರನ್ನು ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಿಸಿ, ನಾವು ವಾಪಸು ಬರುವವರೆಗೂ ತಿರುಗಿ ನೋಡುತ್ತಿರಲಿಲ್ಲ. ಅದು ಅವರ ಪ್ರತಿಭಟನೆ.

ಆಗಸ್ಟ್ ಮುಗಿಯುತ್ತ ಬಂದಿತ್ತು. ಮೈ ಸುಡುವ ಒಣಗಾಳಿ ಹಿಂದಿನ ದಿನವಷ್ಟೇ ನಿಂತು, ಸಮುದ್ರದ ಕಡೆಯಿಂದ ಒದ್ದೆ ಗಾಳಿ ಶುರುವಾಗಿತ್ತು. ಮನೆಯಿಂದ ಹೊರಬಿದ್ದ ಕೂಡಲೇ ಕನ್ನಡಕದ ಮೇಲೆ ಹಬೆ ಕೂತಿತ್ತು. ಆ ಶುಕ್ರವಾರ ನಾವು ಎದೆಮಟ್ಟದ ನೀರಿನಲ್ಲಿದ್ದೆವು. ನಾನಿನ್ನೂ ತೇಲುವುದನ್ನು ಕಲಿಯುತ್ತಿದ್ದೆ, ಕಾಕುವಿನ ಅಂಗೈ ನನ್ನ ಬೆನ್ನ ಕೆಳಗಿತ್ತು. ದೂರದಲ್ಲಿ ಎಣ್ಣೆ ಹಡಗುಗಳು ಸಾಲಾಗಿ ನಿಂತಿದ್ದವು. ನೋಡನೋಡುತ್ತ ಒಂದು ಹಡಗು ಅಳಿಸಿಹೋಯಿತು, ಅದರ ಪಕ್ಕದ್ದೂ ಅಳಿಸಿತು. ಬಿಳಿಯ ಗೋಡೆಯೊಂದು ನೀರಿನ ಮೇಲೆ ಸದ್ದಿಲ್ಲದೆ ಜಾರಿ ಬರುತ್ತಿತ್ತು. ನಾನು ಕಾಲೂರಿ ದಡದ ಕಡೆ ತಿರುಗುವಷ್ಟರಲ್ಲಿ ಕಟ್ಟಡಗಳಿರಲಿಲ್ಲ, ಕಾರಿರಲಿಲ್ಲ, ನಾನೇ ಚಾಚಿದ ಕೈಯ ತುದಿ ಮಸುಕಾಗಿತ್ತು.

ಮಂಜೆಂದರೆ ಚಳಿ ಎಂದುಕೊಂಡವಳು ನಾನು. ಇದು ಬಿಸಿಯಾಗಿತ್ತು. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವ ಹಬೆಯ ಹಾಗೆ.

ದಡ ಎದುರಿಗೇ ಇದೆ ಎಂದುಕೊಂಡು ನಾನು ಓಡತೊಡಗಿದೆ. ನಾಲ್ಕು ಹೆಜ್ಜೆಗೆ ನೀರು ಗಲ್ಲ ಮುಟ್ಟಿತು, ಮುಂದಿನ ಹೆಜ್ಜೆಗೆ ನೆಲ ಸಿಗಲಿಲ್ಲ. ಮೂಗು ಬಾಯಿಗೆ ಉಪ್ಪು ನುಗ್ಗಿತು. ಕೂಗಲು ಬಾಯಿ ತೆಗೆದರೆ ಇನ್ನಷ್ಟು ನೀರು. ಯಾವುದೋ ಕೈ ನನ್ನ ಚೂಡಿದಾರದ ಬೆನ್ನನ್ನು ಹಿಡಿದು ಜಗ್ಗಿತು. ಕಾಕು ನನ್ನನ್ನು ಎಳೆದು ತಂದು ನಿಲ್ಲಿಸಿ, ರಟ್ಟೆ ಬಿಗಿಯಾಗಿ ಹಿಡಿದರು.

"ನಿಂದ್ರು. ಅಲುಗಾಡಬ್ಯಾಡ. ಕಾಲಾಗ ನೆಲ ಐತೋ ಇಲ್ಲೋ?"

"ಇದೆ... ಕಾಕು, ದಡ ಎಲ್ಲಿ?"

"ಗೊತ್ತಿಲ್ಲ. ದಂಡಿ ಎಲ್ಲೂ ಓಡಿ ಹೋಗೂದಿಲ್ಲ. ನಾವೂ ಓಡೂದು ಬ್ಯಾಡ."

"ನಿಮಗೆ ಭಯ ಆಗ್ತಿಲ್ವಾ?" ಎಂದೆ. "ಆಗೇತಿ" ಎಂದರು. ಆಮೇಲೆ ಮಂಜಿನ ಕಡೆ ಗಲ್ಲ ಎತ್ತಿ, "ಅದಕ್ಕ ಹೇಳಬ್ಯಾಡ" ಎಂದರು.

ಆಗ ಮೋಟಾರಿನ ಸದ್ದು ಕೇಳಿಸಿತು. ಯಾವ ಕಡೆಯಿಂದ ಎಂದು ತಿಳಿಯಲಿಲ್ಲ, ಎಲ್ಲ ಕಡೆಯಿಂದಲೂ ಬಂದಂತಿತ್ತು. ಕ್ಷಣಕ್ಷಣಕ್ಕೂ ಹತ್ತಿರವಾಗುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಕಾಕು ಮಾತ್ರ ಎರಡೂ ಕೈ ಮೇಲೆತ್ತಿ, ಹೊಲದಾಚೆಯವರನ್ನು ಕರೆಯುವ ದನಿಯಲ್ಲಿ ಒದರಿದರು: "ಏಯ್! ಬೋಟ್ ನಿಂದ್ರಸೋ! ಮಂದಿ ಅದೀವಿ ಇಲ್ಲಿ! ರುಕೋ ಭಾಯಿ, ರುಕೋ!"

ಮೋಟಾರು ನಿಂತಿತು. ಮೀನಿನ ದೋಣಿಯೊಂದರ ಮೂತಿ ಮಂಜಿನಿಂದ ಹೊರಬಂದು, ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ನಿಧಾನವಾಗಿ ದಾಟಿಹೋಯಿತು. ಕಾಕು ಬಿಡಲಿಲ್ಲ. "ಕಿನಾರಾ ಕಿಧರ್ ಹೈ ಭಾಯಿ?"

"ಹಮ್ ಭೀ ವಹೀ ಢೂಂಢ್ ರಹೇ ಹೈಂ, ಅಮ್ಮಾ" ಎಂದಿತು ಒಳಗಿನ ದನಿ. ಅವರೂ ದಡವನ್ನೇ ಹುಡುಕುತ್ತಿದ್ದರು.

ಕಾಕು ನಕ್ಕುಬಿಟ್ಟರು. ಆ ಹೊತ್ತಿನಲ್ಲಿ ನಗುತ್ತಾರಲ್ಲ ಎಂದು ನನಗೆ ಸಿಟ್ಟು ಬಂತು. ಆದರೆ ಆ ಸಿಟ್ಟಿನಲ್ಲೇ ನನ್ನ ಉಸಿರು ಹತೋಟಿಗೆ ಬಂದಿತ್ತು.

ಅಷ್ಟರಲ್ಲಿ ಎಡಗಡೆಯಿಂದ ಕಾರಿನ ಹಾರ್ನ್ ಕೇಳಿಸತೊಡಗಿತು. ಒಮ್ಮೆ ಉದ್ದಕ್ಕೆ, ನಿಂತು, ಮತ್ತೊಮ್ಮೆ ಉದ್ದಕ್ಕೆ. ನಾನು ಎದುರಿಗಿದೆ ಎಂದುಕೊಂಡಿದ್ದ ದಡ ಎಡಕ್ಕಿತ್ತು. "ನಮ್ಮನಿಯವ್ರು" ಎಂದರು ಕಾಕು. "ನಡಿ. ನೀರು ಇಳದ್ರ ಮುಂದ, ಏರಿದ್ರ ನಿಂದರೂದು." ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ನೀರು ಇಳಿಯುತ್ತ ಬಂತು. ದೋಣಿಯೂ ಹುಟ್ಟು ಹಾಕುತ್ತ ಅದೇ ಸದ್ದಿನ ಬೆನ್ನು ಹತ್ತಿತ್ತು.

ಕಾಕಾ ಕಾರಿನ ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು, ಹಾರ್ನ್ ಒತ್ತುತ್ತಲೇ ಇದ್ದರು. ನಮ್ಮನ್ನು ನೋಡಿದ ಮೇಲೂ ಕೈ ತೆಗೆಯಲಿಲ್ಲ. ಕಾಕುವೇ ಹೋಗಿ ಆ ಕೈಯನ್ನು ಬಿಡಿಸಿದರು.

"ಖಲಾಸ್" ಎಂದರು ಕಾಕಾ. "ಇವತ್ತಿಗೆ ಮುಗೀತು ನಿಂದು."

ಕಾಕು ಕಾರು ಹತ್ತಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಾಳೆ ನೀವ್ ಬರ್ರಿ, ಇಲ್ಲಾಂದ್ರ ಟ್ಯಾಕ್ಸಿ ಮಾಡ್ಕೊಂಡು ಹೊಕ್ಕೀನಿ. ಮಂಜು ಹರಿಯೂತನಾ ದಂಡಿಗೆ ಕುಂದರ್ತೀನಿ. ಆದ್ರ ಮನ್ಯಾಗ ಕುಂದ್ರೂದಿಲ್ಲ."

ಸಂಜೆಯಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿ, ಫೋನಿನಲ್ಲಿ ತುಮಕೂರಿಗೂ ಮುಟ್ಟಿತು. ಅತ್ತೆ ಹೇಳಿದರು: "ಮನೇಲಿ ಸುಮ್ಮನೆ ಇರೋಕಾಗಲ್ವಾ? ಹೀಗೆ ಕುಣಿಯೋದಕ್ಕೇ ನಿನಗೆ ಬಸಿರು ನಿಲ್ಲದೇ ಇರೋದು." ಇಷ್ಟು ದಿನ ಇಂಥ ಮಾತಿಗೆ ನಾನು ಅಳುತ್ತಿದ್ದೆ. ಅವತ್ತು ಅಳು ಬರಲಿಲ್ಲ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅತ್ತೆ. ಡಾಕ್ಟರನ್ನ ಕೇಳಿದ್ದೀನಿ. ನಾಳೆಯೂ ಹೋಗ್ತೀನಿ" ಎಂದು ಫೋನ್ ಇಟ್ಟೆ. ನನ್ನ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಒಣಗಿದ ಟವೆಲ್ಲನ್ನು ಮಡಚಿ ನನ್ನ ಚೀಲದ ಮೇಲಿಟ್ಟರು.

ಮರುದಿನ ಮಂಜು ತೆಳುವಾಗಿತ್ತು. ಕಾಕಾ ಕಾರನ್ನು ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿದರು. ಮಂಜು ಹರಿಯುವವರೆಗೂ ನಾವು ಮೂವರೂ ಮರಳಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿದೆವು. ಆಮೇಲೆ ಇಳಿದೆವು. ಮುಂದಿನ ಬೇಸಿಗೆಯ ಹೊತ್ತಿಗೆ ನಾನು ನೆಲ ಸಿಗದ ಕಡೆಯೂ ಈಜುತ್ತಿದ್ದೆ.

ಕಾಕಾ ನಿವೃತ್ತರಾಗಿ, ವಾಸದ ಪರವಾನಗಿ ಇಕಾಮಾ ಮುಗಿದ ಮೇಲೆ ಅವರಿಬ್ಬರೂ ಊರಿಗೆ ಹೋದರು. ಅಲ್ಲಿನ ಈಜುಕೊಳದಲ್ಲಿ ಹೆಂಗಸರಿಗೆಂದು ಸಮಯವೇ ಇರಲಿಲ್ಲವಂತೆ. ಕಾಕು ಬೆಂಚಿನ ಮೇಲೆ ದಿನವೂ ಟವೆಲ್ಲು ಹಿಡಿದು ಕೂತು, ಕೊನೆಗೆ ಮಧ್ಯಾಹ್ನದ ಒಂದು ತಾಸು ಬಿಡಿಸಿಕೊಂಡರು. "ಹನ್ನೆರಡು ಮಂದಿ ಬರ್ತಾರ ತಂಗಿ, ಒಬ್ಬಾಕಿ ನನಗಿಂತ ಮುದುಕಿ!" ಎಂದು ಫೋನಿನಲ್ಲಿ ಕಿರುಚಿದ್ದರು. ಎರಡು ವರ್ಷದ ಮೇಲೆ ಒಂದು ದಿನ ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಫೋನಿನಲ್ಲಿ ಸುದ್ದಿ ಹೇಳಿದ ಕಾಕಾ, "ಆಕಿ ಮಾತು ನಾ ಒಮ್ಮೆನೂ ಗೆಲ್ಲಲಿಲ್ಲ ನೋಡ್ವಾ" ಎಂದರು. ಹೆಮ್ಮೆಯಿಂದಲೇ ಎಂದರು.

ನನಗೆ ಮಕ್ಕಳಾಗಲಿಲ್ಲ. ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ, ತಲೆ ತಗ್ಗಿಸುವುದಿಲ್ಲ. ಹೋದ ವಾರ ಕೆಳಗಿನ ಮನೆಗೆ ಹೊಸದಾಗಿ ಬಂದ ಹುಡುಗಿ ಲಿಫ್ಟಿನ ಹತ್ತಿರ ನನ್ನನ್ನು ತಡೆದು, "ಆಂಟಿ, ನನಗೂ ಸ್ವಿಮ್ಮಿಂಗ್ ಕಲಿಸ್ತೀರಾ? ಆದರೆ ನನ್ನ ಹಸ್ಬೆಂಡ್ ಬೇಡ ಅಂತಾರೆ" ಎಂದಳು.

"ನೀನೇನಂತೀಯ?" ಎಂದೆ.

ಅವಳು ಸುತ್ತ ಒಮ್ಮೆ ನೋಡಿ, "ಬೇಕು" ಎಂದಳು.

"ಹಾಗಾದರೆ ಶುಕ್ರವಾರ ಬೆಳಕು ಹರಿಯೋದ್ರೊಳಗೆ ಕೆಳಗೆ ಬಾ. ಕಾರು ನನ್ನದು."